ನನ್ನ ಗಂಡನಿಗೆ ಕಪ್ಪು ಬಣ್ಣ ಬಳಿದ ಯಂತ್ರಕ್ಕೆ

ಮಾನ್ಯ ಮತಸಲಹಾ ಯಂತ್ರದವರೇ,

ತಮಗೂ, ತಾವು ವಾಸವಾಗಿರುವ ತಣ್ಣನೆಯ ಕೋಣೆಗೂ ಹೆರ್ನೆ ಊರಿನ ಎಡೆಲ್‌ಟ್ರೌಟ್ ಶಿಮಾನೆಕ್ ಮಾಡುವ ವಿನಯಪೂರ್ವಕ ನಮಸ್ಕಾರಗಳು. ಚುನಾವಣೆ ಬಂದಾಗಲೆಲ್ಲ ನಮ್ಮಂಥವರಿಗೆ ಪ್ರಶ್ನೆ ಕೇಳಿ, ನಮ್ಮ ಮನಸ್ಸಿಗೆ ಯಾವ ಪಕ್ಷ ಹತ್ತಿರವೆಂದು ಪುಕ್ಕಟೆಯಾಗಿ ತಿಳಿಸುವ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಮನೆಯಲ್ಲಿ ಮಾತುಕತೆ ನಿಂತುಹೋದದ್ದೂ ಪುಕ್ಕಟೆಯಾಗಿಯೇ.

ನನ್ನ ಗಂಡ ಎವಾಲ್ಡ್ ನಿವೃತ್ತ ಟ್ರಾಮ್ ಚಾಲಕ. ಕಲ್ಲಿದ್ದಲ ಗಣಿಯಲ್ಲಿ ದುಡಿದ ಅಪ್ಪನಿಂದ ಅವನಿಗೆ ಬಂದ ಆಸ್ತಿಯೆಂದರೆ ಕಾರ್ಮಿಕರ ಕೆಂಪು ಪಕ್ಷವೊಂದೇ. ಅಂಥವನು ಕಳೆದ ತಿಂಗಳು ಪ್ಲಮ್ ಕೇಕ್ ತಿನ್ನುತ್ತಾ, ಪಿಂಚಣಿ, ಹೆದ್ದಾರಿಯ ವೇಗಮಿತಿ, ಅಣುವಿದ್ಯುತ್ತು ಮುಂತಾದ ತಮ್ಮ ಪ್ರಶ್ನೆಗಳಿಗೆಲ್ಲ ಪ್ರಾಮಾಣಿಕವಾಗಿ ಉತ್ತರಿಸಿದ್ದಕ್ಕೆ, ತಾವು ಅವನನ್ನು ಚರ್ಚಿಗೆ ತಪ್ಪದೆ ಹೋಗುವವರ ಕಪ್ಪು ಪಕ್ಷದವನೆಂದು ಸಾರಿಬಿಟ್ಟಿರಿ.

"ಇದಕ್ಕೆ ತಲೆ ಕೆಟ್ಟಿದೆ! ಅಪ್ಪ ಗೋರಿಯೊಳಗೇ ಮಗ್ಗುಲು ಬದಲಾಯಿಸ್ತಾರೆ ಕಣೇ!" ಎಂದು ಕೂಗಿದ. ಮತ್ತೆ ಉತ್ತರಿಸಿದ, ಮತ್ತೆ ಕಪ್ಪು. ಕೊನೆಗೆ ಬರೀ ಸುಳ್ಳುಗಳನ್ನೇ ಒತ್ತುತ್ತಾ ಹೋದಾಗ ಕೆಂಪು ಬಂತು, ಅವನಿಗೆ ಉಸಿರೂ ಬಂತು.

ನಾನು ನಕ್ಕಿದ್ದು ತಪ್ಪಾಯಿತು. "ಎಲ್ಲಿ, ನೀನೂ ಒತ್ತು ನೋಡೋಣ" ಎಂದ. ನನಗೆ ತಾವು ಕೊಟ್ಟದ್ದು ಅಪ್ಪಟ ಕೆಂಪು. "ನೋಡ್ದ್ಯಾ, ಜೊತೆಗಿದ್ದು ನನ್ನ ಬಣ್ಣ ಹತ್ತಿದೆ" ಎಂದು ಅವನು ಬೀಗುತ್ತಿದ್ದಾಗ, ಗಾಬರಿಯಲ್ಲಿ ನನ್ನ ಬಾಯಿ ಜಾರಿತು: "ಅಯ್ಯೋ, ಮದುವೆಗೆ ಮುಂಚಿನಿಂದ್ಲೂ ನಾನು ಹಾಕ್ತಿರೋದು ಕಪ್ಪಿಗೇ ಕಣೋ! ಅಮ್ಮನಿಗೆ ಮಾತು ಕೊಟ್ಟಿದ್ದೆ."

ಎವಾಲ್ಡ್ ತಟ್ಟೆ ಸರಿಸಿದ. "ಅಂದ್ರೆ ಇಷ್ಟು ವರ್ಷ ನನ್ನ ಕೈ ಹಿಡ್ಕೊಂಡೇ ಬಂದು ನನ್ನ ಓಟನ್ನ ಅಳಿಸಿ ಹೋಗ್ತಿದ್ದೆ!"

ಅಂದಿನಿಂದ ಅವನು ನನ್ನೊಡನೆ ಆಡಿದ ಮಾತೆಂದರೆ ಊಟದ ಹೊತ್ತಿನ "ಉಪ್ಪು" ಮಾತ್ರ. ಎದುರಿಗೇ ಕೂತವನು ಪರವೂರಿನವನಂತಾದರೆ ಅನ್ನ ಹೇಗೆ ಗಂಟಲಿಗಿಳಿಯುವುದಿಲ್ಲವೆಂದು ತಮಗೆ ತಿಳಿಯುವಂತಿಲ್ಲ, ತಾವು ಉಣ್ಣುವುದಿಲ್ಲವಲ್ಲ. ಆದ್ದರಿಂದ 'ಒಪ್ಪುತ್ತೇನೆ', 'ಒಪ್ಪುವುದಿಲ್ಲ' ಎಂಬ ಗುಂಡಿಗಳ ಪಕ್ಕದಲ್ಲಿ 'ನಮ್ಮಪ್ಪ ಹಾಕುತ್ತಿದ್ದರು' ಎಂಬುದೊಂದನ್ನೂ, ಮುನಿದ ಗಂಡನ ಬಾಯಿ ಬಿಡಿಸುವಂಥದ್ದೊಂದನ್ನೂ ದಯಮಾಡಿ ಜೋಡಿಸಬೇಕೆಂದು ಪ್ರಾರ್ಥಿಸುತ್ತೇನೆ.

ಚುನಾವಣೆಯ ಭಾನುವಾರ ಶಾಲೆಗೆ ಒಬ್ಬರ ಹಿಂದೊಬ್ಬರು ಹೋದೆವು. ಮರೆಯೊಳಗೆ ಅವನು ಎಷ್ಟು ಹೊತ್ತು ನಿಂತನೆಂದರೆ ಅಧಿಕಾರಿ ಕೆಮ್ಮಬೇಕಾಯಿತು. ಮರಳುವಾಗ ಬೇಕರಿಯ ಮುಂದೆ ನಿಂತು, ಎಷ್ಟೋ ದಿನಗಳ ಮೇಲೆ ನನ್ನನ್ನು ಮುದ್ದಿನ ಹೆಸರಿನಿಂದ ಕರೆದ. "ಟ್ರೌಡೆ, ನಿನಗೋಸ್ಕರ ಈ ಸಲ ಕಪ್ಪಿಗೆ ಹಾಕ್ದೆ. ಯಾರಿಗೂ ಹೇಳ್ಬೇಡ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ನಿನಗೋಸ್ಕರ ನಾನು ಕೆಂಪಿಗೆ ಹಾಕ್ಬಿಟ್ಟೆನಲ್ಲೋ!"

"ಮತ್ತೆ ಅಳಿಸಿದ್ಯಲ್ಲೇ, ಮಾರಾಯ್ತಿ!" ಎಂದು ಬೀದಿಯವರೆಲ್ಲ ತಿರುಗಿ ನೋಡುವಂತೆ ನಕ್ಕು, ನನ್ನ ಕೈ ಹಿಡಿದುಕೊಂಡ.

ತಮ್ಮ ಲೆಕ್ಕಕ್ಕೆ ಸಿಗದಿದ್ದರೂ ತಮ್ಮ ವಿಶ್ವಾಸಿ,
ಎಡೆಲ್‌ಟ್ರೌಟ್ ಶಿಮಾನೆಕ್

ತಾ.ಕ.: ಶಾಲೆಯ ಬಾಗಿಲಲ್ಲಿ ಸಮೀಕ್ಷೆಯ ಯುವತಿಯೊಬ್ಬಳು, ಕಳೆದ ಸಲದ ಪಕ್ಷಕ್ಕೇ ಹಾಕಿದಿರಾ ಎಂದು ಕೇಳಿದಾಗ ಇಬ್ಬರೂ "ಹೌದು" ಎಂದೆವು. ಸಂಜೆ ಟೀವಿಯ ಪಂಡಿತರೊಬ್ಬರು ನಮ್ಮ ಕಡೆಯ ಮತದಾರರು ಬಂಡೆಯಂತೆ ಅಚಲರೆಂದು ಕೊಂಡಾಡಿದರು. ಆ ಪಂಡಿತರು, ಯಂತ್ರದವರೇ, ತಮಗೆ ಹತ್ತಿರದ ಸಂಬಂಧಿಕರೇ ಇರಬೇಕು.