ಪಾಲ್ಕಿಗುಂಡಿಗೆ ಬಂದ ಲಂಕೆಯ ಅಜ್ಜಾರು

ಖಾನಾವಳಿ ನಡೆಸುವವರು ನಗುವಿಗಾಗಿ ಎಲ್ಲೂ ಹೋಗಬೇಕಿಲ್ಲ. ಹಸಿದು ಬಂದವರೇ ಅದನ್ನು ಬಾಗಿಲಿಗೆ ತಂದುಕೊಡುತ್ತಾರೆ. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಮೇಲೆ ನಮ್ಮಲ್ಲಿ ಊಟಕ್ಕೆ ಶ್ರೀಲಂಕೆಯ ಬೌದ್ಧ ಭಿಕ್ಕುಗಳು ಬರತೊಡಗಿದರು. ಊರ ಪಕ್ಕದ ಪಾಲ್ಕಿಗುಂಡಿನ ಬಂಡೆಯ ಮೇಲೆ ಅಶೋಕ ರಾಜ ಬರೆಸಿದ ಅಕ್ಷರ ನೋಡಲು ಅವರು ಸಮುದ್ರ ದಾಟಿ ಬರುತ್ತಿದ್ದರು. ಊರಲ್ಲೇ ಇದ್ದ ನಾವು ಒಮ್ಮೆಯೂ ಆ ಗುಡ್ಡ ಹತ್ತಿರಲಿಲ್ಲ. ಬಿಸಿಲುಕುದುರೆಯ ನಡುವೆ ಅವರ ಕಾವಿ ತೇಲಿಕೊಂಡು ಬರುವಾಗ, ಹಂಚಿನ ಮುಂದೆ ಕೂತ ನನಗೆ ನಿದ್ದೆಗಣ್ಣಲ್ಲಿ ಏನೋ ಕಂಡಂತಾಗುತ್ತಿತ್ತು.

ಗೋಡೆ ಗಡಿಯಾರ

ಮೊದಲ ಸಲ ಬಂದವರು ತಲೆ ತಗ್ಗಿಸಿ, ಸದ್ದಿಲ್ಲದೆ ರೊಟ್ಟಿ ಮುರಿಯುತ್ತಿದ್ದರು. ನಡುನಡುವೆ ಗೋಡೆಯ ಗಡಿಯಾರ ನೋಡುತ್ತಿದ್ದರು. ನಮ್ಮತ್ತೆ ಬಿಸಿ ಹೋಳಿಗೆ ತಂದು ಬಡಿಸುವ ಹೊತ್ತಿಗೆ ಹನ್ನೆರಡಾಯಿತು. ಎಲ್ಲರೂ ಒಟ್ಟಿಗೆ ಕೈ ತೊಳೆಯಲು ಎದ್ದರು.

"ಯಾಕ್ರಿ ಅಜ್ಜಾರ, ಪಲ್ಯಕ್ಕ ಉಪ್ಪು ಹೆಚ್ಚಾತೇನ್ರಿ?" ಅಂದರು ಅತ್ತೆ.

ಭಿಕ್ಕುಗಳನ್ನು ಜೀಪಿನಲ್ಲಿ ಕರೆತಂದಿದ್ದ ನನ್ನ ಮೈದುನ ಹೇಳಿದ: "ಇಲ್ಲವ್ವ, ಮಧ್ಯಾಹ್ನ ದಾಟಿದ್ರ ಅವರು ಉಣ್ಣಂಗಿಲ್ಲ. ಇನ್ನ ನಾಳಿ ಮುಂಜಾನಿಗೇ."

ಅತ್ತೆ ಕೈಯಲ್ಲಿದ್ದ ಹೋಳಿಗೆ ನೋಡಿದರು, ಗಡಿಯಾರ ನೋಡಿದರು. ಸ್ಟೂಲ್ ಎಳೆದುಕೊಂಡು ಹತ್ತಿ, ಮುಳ್ಳನ್ನು ಹಿಂದಕ್ಕೆ ತಿರುಗಿಸಿ, "ಇನ್ನೂ ಹೊತ್ತೈತಿ, ಕುಂದರ್ರಿ" ಅಂದರು.

ಹಿರಿಯ ಭಿಕ್ಕು ನಕ್ಕು ನಕ್ಕು ಕಣ್ಣೊರೆಸಿಕೊಂಡು ಏನೋ ಹೇಳಿದರು. ಮೈದುನ ಅದನ್ನು ಕನ್ನಡಕ್ಕೆ ತಂದ: "ಹಂಗ ಸೂರ್ಯಾನ್ನೂ ಒಂದೀಟು ಹಿಂದ ತಳ್ಳು ತಾಯಿ, ಉಣ್ತೀನಿ ಅಂತಾರವ್ವ."

ಮಲ್ಲಿ

ಮೈದುನನಿಗೆ ಕಿವಿ ಮುಟ್ಟುವ ಮೀಸೆ. ಹೊಳೆ ನಡುವಿನ ವಿರೂಪಾಪುರಗಡ್ಡೆಗೆ ಬರುವ ವಿದೇಶಿಯರನ್ನು ಜೀಪಿನಲ್ಲಿ ಸುತ್ತಾಡಿಸಿ ಇಂಗ್ಲಿಷ್ ಕಲಿತವನು. ಊರಲ್ಲಿ ಅವನೆದುರು ದನಿ ಎತ್ತುವವರಿರಲಿಲ್ಲ. ಎರಡನೇ ಸಲ ಬಂದಾಗ ಹಿರಿಯ ಭಿಕ್ಕುವಿಗೆ ಅವನ ಮೇಲೆ ಅಕ್ಕರೆ ಹುಟ್ಟಿ, ತುಂಬಿದ ಖಾನಾವಳಿಯಲ್ಲಿ "ಮಲ್ಲಿ! ಮಲ್ಲಿ!" ಎಂದು ಕರೆದರು.

ಊಟಕ್ಕೆ ಕೂತವರ ಕೈ ಬಾಯಿಯ ಹತ್ತಿರವೇ ನಿಂತಿತು. ಮೈದುನನ ಮೀಸೆ ನಡುಗಿತು. ಸಿಂಹಳದಲ್ಲಿ ಮಲ್ಲಿ ಅಂದರೆ ತಮ್ಮ ಎಂದು ಅವನು ಬೆವರುತ್ತ ಎಲ್ಲರಿಗೂ ತಿಳಿಸಿ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಮರುದಿನ ಸಂತೆಯಲ್ಲಿ ಬಳೆಗಾರ ಅವನನ್ನು ನಿಲ್ಲಿಸಿ, "ಮಲ್ಲವ್ವಾ, ಹಸರು ಬಳಿ ಛಲೋ ಬಂದಾವ ನೋಡು" ಅಂದನಂತೆ.

ಸುತ್ತಿ ಬಂದದ್ದು

ಆಮೇಲೊಂದು ವರ್ಷ ಅವರೊಟ್ಟಿಗೆ ಉದ್ದನೆಯ ಬಿಳಿಯ ಭಿಕ್ಕು ಒಬ್ಬರು ಬಂದರು. ಅತ್ತೆ ನನ್ನ ಕಿವಿಯಲ್ಲಿ, "ಪಾಪ, ವಿರೂಪಾಪುರಗಡ್ಡಿಗೆ ಹೋಗಾಂವ ದಾರಿ ತಪ್ಪ್ಯಾನ. ಊಟಾ ಹಾಕಿ ಗಂಗಾವತಿ ಬಸ್ ಹತ್ತಸ್ರಿ" ಅಂದರು.

ಅವರು ಜರ್ಮನಿಯವರು. ಅವರ ಊರಿಗೆ ಲಂಕೆಯ ಭಿಕ್ಕುಗಳು ಬಂದು, ಒಂದು ಮನೆಯನ್ನೇ ವಿಹಾರ ಮಾಡಿಕೊಂಡಿದ್ದರಂತೆ. ತಂದೆ ತೀರಿದ ಚಳಿಗಾಲದಲ್ಲಿ ಇವರು ಅಲ್ಲಿ ಹೋಗಿ ಸುಮ್ಮನೆ ಕೂತರಂತೆ. "ಯಾರೂ ಏನೂ ಕೇಳಲಿಲ್ಲ, ಚಹಾ ಕೊಟ್ಟರು" ಅಂದರು. ಆಮೇಲೆ ಲಂಕೆಗೆ ಹೋಗಿ ಕಾವಿ ಉಟ್ಟರು. ಅಶೋಕನ ಕಾಲಕ್ಕೆ ಈ ಧರ್ಮ ಲಂಕೆಗೆ ಹೋದದ್ದೂ ನಮ್ಮ ದೇಶದಿಂದಲೇ ಅಂತ ಮೈದುನ ಸೇರಿಸಿದ.

ಅತ್ತೆ ಒಲೆಯ ಕೆಂಡ ಕೆದಕಿದರು. "ಅಂದ್ರ ಇಲ್ಲಿಂದ ಹೊಂಟಿದ್ದು ಲಂಕಾ ಸುತ್ತಿ, ಜರ್ಮನಿ ಸುತ್ತಿ, ತಿರುಗಿ ಇಲ್ಲಿಗೇ ಬಂತು" ಅಂದು ನಿಟ್ಟುಸಿರಿಟ್ಟರು. "ನಮ್ಮ ಕುಷ್ಟಗಿ ಬಸ್ಸೂ ಹಿಂಗ ಊರೆಲ್ಲಾ ಸುತ್ತಿ ಬರ್ತೈತಿ. ಆದ್ರ ಅದರಾಗ ಬಂದವ್ರ ಮಾರಿ ಇಷ್ಟು ಶಾಂತ ಇರಂಗಿಲ್ಲ."

ರಾಜನ ಮಾತು

ಹಿರಿಯ ಭಿಕ್ಕುವಿನ ಮೊಣಕಾಲು ಸೋತಿದ್ದವು. ಬಂದಾಗಲೆಲ್ಲ ಗುಡ್ಡದ ಬುಡದಲ್ಲೇ ಕೂತು, ಮೇಲೆ ಹೋದವರು ಇಳಿಯುವುದನ್ನು ಕಾಯುತ್ತಿದ್ದರು. ಕೊನೆಯ ಸಲ, "ಇನ್ನೊಮ್ಮೆ ಬರಲಾರೆ" ಅಂದರು. ಮೈದುನ ನಮ್ಮ ಕುರ್ಚಿಗೆ ಬಿದಿರು ಕಟ್ಟಿದ. ಹೊಲದಲ್ಲಿದ್ದ ಗಂಡಸರು ಬಂದು ಹೆಗಲು ಕೊಟ್ಟರು. ಕಳೆ ತೆಗೆಯುತ್ತಿದ್ದ ಹೆಂಗಸರು, "ಯಾವ ಮಠದ ಅಜ್ಜಾರು ಬಂದಾರ?" ಎನ್ನುತ್ತ ಹಿಂದೆ ಬಂದರು. ಅತ್ತೆ ಮತ್ತು ನಾನೂ ಮೊದಲ ಬಾರಿ ಹತ್ತಿದೆವು.

ಕೊನೆಯ ಬಂಡೆಗಳನ್ನು ಹಿರಿಯ ಭಿಕ್ಕು ಕೈಯೂರಿ ತಾವೇ ಹತ್ತಿದರು. ಪಲ್ಲಕ್ಕಿಯ ಚಾವಣಿಯಂಥ ಕಲ್ಲಿನ ಕೆಳಗೆ ಗಾಳಿ ತಂಪಾಗಿತ್ತು. ಕೆಳಗಿನ ಊರು ಬಿಸಿಲಿನ ಹೊಗೆಯಲ್ಲಿ ಕರಗಿ ಹೋಗಿತ್ತು. ಅಕ್ಷರ ಬಹಳ ಸವೆದಿದ್ದವು. ಅವರು ಕಲ್ಲು ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸುತ್ತ, ಕಾಣದ್ದನ್ನು ನೆನಪಿನಿಂದ ಓದಿದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆ ಹೊತ್ತು ಎಷ್ಟು ಉದ್ದವಿತ್ತೋ, ನನಗೆ ಇವತ್ತಿಗೂ ತಿಳಿಯದು.

ಆಮೇಲೆ ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು: "ಏನ್ ಬರದೈತ್ರಿ ಅದರಾಗ?"

ಈ ಸಲವೂ ಜೊತೆಗೆ ಬಂದಿದ್ದ ಜರ್ಮನಿಯ ಭಿಕ್ಕು ಇಂಗ್ಲಿಷಿನಲ್ಲಿ ವಿವರಿಸಿದರು, ಮೈದುನ ಕನ್ನಡದಲ್ಲಿ ಹೇಳಿದ: "ನಾನು ಬುದ್ಧನ ದಾರಿ ಹಿಡದು ಕೆಲವು ವರ್ಷ ಆತು. ಆದ್ರ ಮೊದಮೊದಲು ಅಷ್ಟೇನೂ ದುಡೀಲಿಲ್ಲ ಅಂತ ರಾಜ ಬರಸ್ಯಾನ."

ಅವಳು ಬಂಡೆಯನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ದುಡೀಲಿಲ್ಲ ಅನ್ನಾಕ ಇಷ್ಟ ಕಲ್ಲು ಸಾಕಾತ? ನಮ್ಮನಿಯಾಂವ ಬರಸಾಕ ಕುಂತ್ರ, ಯಲಬುರ್ಗಾದ ತನಕ ಒಂದು ಗುಡ್ಡಾನೂ ಖಾಲಿ ಉಳಿಯೂದಿಲ್ಲರಿ!"