ತಟ್ಟೆ ಖಾಲಿಯಾಗುತ್ತಿದ್ದ ಬಗೆ

ಗಂಡನ ಶವಸಂಸ್ಕಾರ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅವಳು ಮಗಳ ಮುಂದೆ ಬೇಯಿಸಿದ ಬೀನ್ಸ್, ಕ್ಯಾರೆಟ್ ಇಟ್ಟಳು. ಮಗಳು ಬಾಯಿಗೆ ಬೀಗ ಜಡಿದು ಕೂತಳು.

ಇಷ್ಟು ದಿನ ಈ ಕೆಲಸ ಗಂಡನದು. ಅಪ್ಪ ಮಗಳು ತಟ್ಟೆ ಹಿಡಿದು ಬಾಲ್ಕನಿಗೆ ಹೋದರೆ, ಸ್ವಲ್ಪ ಹೊತ್ತಿಗೆ ತಟ್ಟೆ ತೊಳೆದಿಟ್ಟಂತೆ ಒಳಗೆ ಬರುತ್ತಿತ್ತು. ಅದನ್ನು ನಂಬಿ ಅವಳು ಶಿಶುವಿಹಾರದ ಮೇಲ್ವಿಚಾರಕಿಗೆ, ನಮ್ಮ ಮಗು ಕೊಟ್ಟಿದ್ದೆಲ್ಲ ತಿನ್ನುತ್ತದೆ ಎಂದುಬಿಟ್ಟಿದ್ದಳು. ಊಟಕ್ಕೆ ಮೊದಲೇ ಮನೆಗೆ ಬರುತ್ತಿದ್ದ ಮಗು ಇವತ್ತಿನಿಂದ ಸಂಜೆವರೆಗೆ ಅಲ್ಲಿರಬೇಕು. ಅಲ್ಲಿ ಎಲ್ಲರಿಗೂ ಒಂದೇ ಊಟ. ತರಕಾರಿ ಮುಟ್ಟದ ಮಗುವನ್ನು ವಾಪಸ್ ಕಳಿಸುತ್ತಾರೆ. ಮಗು ವಾಪಸ್ ಬಂದರೆ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಅವಳು ಹೋಗುವಂತಿಲ್ಲ.

ಅತ್ತೆ ಬ್ರೆಡ್ಡಿನೊಳಗೆ ಕ್ಯಾರೆಟ್ ಅಡಗಿಸಿದರು. ಮಗಳು ಸುಂಕದ ಅಧಿಕಾರಿಯಂತೆ ಪದರ ಬಿಡಿಸಿ, ಕಳ್ಳಮಾಲನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕೂಗಾಟ ಕೇಳಿ ಕೆಳಮನೆಯ ಟೈಲರಮ್ಮ ಅಳತೆಯ ಟೇಪು ಕೊರಳಲ್ಲಿದ್ದಂತೆಯೇ ಬಂದರು. ಮಕ್ಕಳ ಕಣ್ಣಿಗೆ ಹಿಡಿಸಿದರೆ ಹೊಟ್ಟೆ ತಾನೇ ಕೇಳುತ್ತದೆ ಎಂದು, ಕ್ಯಾರೆಟ್ಟಿನ ಕಣ್ಣು, ಬೀನ್ಸಿನ ಬಾಯಿ ಇಟ್ಟು ತಟ್ಟೆಯಲ್ಲೊಂದು ಮುಖ ಮಾಡಿದರು.

"ಇದು ಅಜ್ಜಿ," ಎಂದಳು ಮಗಳು. "ಅಜ್ಜೀನ ನಾನು ತಿನ್ನಲ್ಲ."

ಅತ್ತೆಯ ಮುಖ ಅರಳಿತು. ಅದನ್ನು ಕಂಡು ಟೈಲರಮ್ಮ, ಹಟ ಬಂದಿರುವುದೇ ಅಜ್ಜಿಯ ಮುದ್ದಿನಿಂದ ಎಂದರು. ಇಬ್ಬರಿಗೂ ಜೋರು ಮಾತು ಹತ್ತಿತು.

ಅವಳಿಗೆ ಸಾಕಾಯಿತು. ಮಗಳ ಪಕ್ಕ ಕುಸಿದು ಕೂತು, ಏನೂ ತೋಚದೆ ಅಜ್ಜಿಯ ಬಾಯಿಯಿಂದ ಒಂದು ಬೀನ್ಸ್ ತೆಗೆದು ಜಗಿದಳು. ಎಷ್ಟೋ ದಿನಗಳ ಮೇಲೆ ನಾಲಿಗೆಗೆ ಉಪ್ಪು ತಿಳಿಯಿತು. ಇನ್ನೊಂದು ತೆಗೆದುಕೊಂಡಳು.

ಮಗಳು ದಿಟ್ಟಿಸಿ ನೋಡಿದಳು. ಒಂದನ್ನು ಮೂಸಿದಳು, ನೆಕ್ಕಿದಳು, ತುದಿ ಕಚ್ಚಿದಳು. ನುಂಗಿದಳು.

"ಅಪ್ಪನ ಜೊತೆ ದಿನಾ ತಿಂತಿದ್ದೆಯಲ್ಲ, ಇವತ್ತೇನು ಇಷ್ಟು ಗೋಳು?" ಎಂದು ಅವಳು ಕೇಳಿದಳು.

"ನಾನೆಲ್ಲಿ ತಿಂತಿದ್ದೆ? ಮೊಲ ತಿಂತಿತ್ತು. ಅಪ್ಪ ನಂಗೆ ಬಿಸ್ಕತ್ ಕೊಡ್ತಿದ್ದ."

ಅವಳು ಬಾಲ್ಕನಿಗೆ ಹೋಗಿ ನೋಡಿದಳು. ಪಂಜರದಲ್ಲಿ ಮೊಲ, ಮಾವನ ಮನೆಯಲ್ಲಿ ಬೀಡುಬಿಟ್ಟ ಅಳಿಯನಂತೆ ಉಬ್ಬಿ ಕೂತಿತ್ತು. ಅವಳಿಗೆ ನಗು ಬಂತು; ನಕ್ಕದ್ದಕ್ಕೆ ಅಳುವೂ ಬಂತು. ಅದು ಶಿಶುವಿಹಾರದ್ದು, ರಜೆಯಲ್ಲಿ ತಮ್ಮ ಮಗ ಎರವಲು ತಂದವನು ಹಿಂದಿರುಗಿಸಲೇ ಇಲ್ಲ ಎಂದು ಅತ್ತೆ ನೆನಪಿಸಿದರು. ಇದು ಮನೆಯಲ್ಲಿರುವವರೆಗೆ ಮಗಳು ತರಕಾರಿ ತಿನ್ನಲು ಕಲಿಯುವುದಿಲ್ಲ ಎಂದುಕೊಂಡು, ಅವಳು ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಪಂಜರವನ್ನೂ ಹಿಡಿದು ಹೊರಟಳು.

ಶಿಶುವಿಹಾರದ ಬಾಗಿಲಲ್ಲಿ ಮೇಲ್ವಿಚಾರಕಿ ಮೊಲವನ್ನು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಸದ್ಯ, ತಂದ್ರಲ್ಲಮ್ಮ. ಊಟದ ಕೋಣೇಲಿ ಇದು ಇದ್ದಾಗ ಒಂದೊಂದು ಮಗೂನೂ ತಟ್ಟೆ ಚೊಕ್ಕಟ ಮಾಡ್ತಿತ್ತು. ಇದು ಹೋದಾಗಿಂದ ಒಬ್ರೂ ತರಕಾರಿ ಮುಟ್ತಿಲ್ಲ. ಮಕ್ಕಳಿಗೆ ಪ್ರಾಣಿ ಅಂದ್ರೆ ಅದೇನು ಸ್ಫೂರ್ತಿಯೋ."

ಮಗಳು ಅವಳ ಕೈ ಬಿಡಿಸಿಕೊಂಡು, ಕುಣಿಯುತ್ತಾ ಊಟದ ಕೋಣೆಯ ಕಡೆ ಓಡಿದಳು.

ಅವಳು ಏನೋ ಹೇಳಲು ಬಾಯಿ ತೆರೆದಳು. ಗೋಡೆಯ ಗಡಿಯಾರ ಕಂಡಿತು; ಮುದ್ರಣಾಲಯಕ್ಕೆ ಹೊತ್ತಾಗಿತ್ತು. ಬಾಯಿ ಮುಚ್ಚಿ, ಪಂಜರವನ್ನು ಆಕೆಯ ಕೈಗೆ ಕೊಟ್ಟಳು.