ಬಾಗಿಲಿಲ್ಲದ ಮನೆಗೆ ಬಂದ ಬೀಗರು

ಈ ಹುಡುಗರ ಮುಂದೆ ನಾನು ಸೋಲುವುದಿಲ್ಲ ಎಂದು ತೀರ್ಮಾನಿಸಿದ್ದು ಒಂದು ಸೋಮವಾರ, ತರಗತಿಯ ಕೊನೆಯ ಬೆಂಚಿನಲ್ಲಿ, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತಿದ್ದಾಗ. ಜಗತ್ತಿನ ಮಹಾನಿರ್ಣಯಗಳೆಲ್ಲ ಹೀಗೇ ಆಗಿರಬೇಕು.

ಮಗಳ ಮದುವೆಯಾಗಿ ಮನೆ ಬಿಕೋ ಎನ್ನತೊಡಗಿದ ಮೇಲೆ ನಾನು ಕಾಲೇಜು ಸೇರಿದ್ದೆ. ವಿಷಯ, ದೃಶ್ಯ ಮಾಧ್ಯಮ. ವಯಸ್ಸು ಕೇಳಬೇಡಿ. ಪಾಠ ಹೇಳುವ ಮೇಡಂ ನನ್ನ ಮಗಳಿಗಿಂತ ಚಿಕ್ಕವರು, ಅಷ್ಟು ಸಾಕು. ಆ ಸೆಮಿಸ್ಟರಿನ ದೊಡ್ಡ ಕೆಲಸವೆಂದರೆ ಒಂದು ಹಾಡಿಗೆ ವಿಡಿಯೊ ಮಾಡುವುದು. ಅದಕ್ಕೂ ಮೊದಲು ಸಂಶೋಧನೆ ನಡೆಸಿ, ಯೋಜನೆ ಹಾಕಿ, ಎಲ್ಲರೆದುರು ಒಪ್ಪಿಸಬೇಕು. ಮೇಡಂ ಒಪ್ಪಿದರೆ ಕಾಲೇಜಿನ ಕ್ಯಾಮೆರಾ ಕೈಗೆ ಬರುತ್ತದೆ. ಒಪ್ಪದಿದ್ದರೆ ಇನ್ನೊಬ್ಬರ ತಂಡದಲ್ಲಿ ಬಿಟ್ಟಿ ಚಾಕರಿ.

“ನೀವು ಬೇಕಾದ್ರೆ ವಿಡಿಯೊ ಬದಲು ಪ್ರಬಂಧ ಬರೆದುಕೊಡಬಹುದು,” ಎಂದರು ಮೇಡಂ. ದನಿಯಲ್ಲಿದ್ದ ಕರುಣೆಗೆ ನನ್ನ ಮೈಯೆಲ್ಲ ಉರಿಯಿತು.

“ಯಾಕೆ ಮೇಡಂ?”

“ಓಡಾಟ ಜಾಸ್ತಿ ಇರುತ್ತೆ. ಭಾರ ಎಲ್ಲ ಎತ್ತಬೇಕಾಗುತ್ತೆ.”

“ಸಂಸಾರಕ್ಕಿಂತ ಭಾರದ್ದು ಏನಾದ್ರೂ ಇದ್ರೆ ತೋರಿಸಿ. ಎತ್ತಿ ಕೆಳಗಿಟ್ಟು ಬರ್ತೀನಿ.”

ಮುಂದಿನ ಬೆಂಚಿನಿಂದ ಡ್ರೋನ್ ತಿರುಗಿ ನೋಡಿದ. ಆತನಿಗೆ ಈ ಹೆಸರು ಬಂದದ್ದು ಪ್ರತಿ ದೃಶ್ಯವನ್ನೂ ಆಕಾಶದಿಂದಲೇ ತೆಗೆಯಬೇಕೆಂಬ ಆತನ ಹಟದಿಂದ. ಇಬ್ಬರು ಕೂತು ಮಾತಾಡುವ ದೃಶ್ಯಕ್ಕೂ ಅವನ ಕ್ಯಾಮೆರಾ ಹದ್ದಿನಂತೆ ಮೇಲೇ ಸುತ್ತುತ್ತದೆ. “ಆಂಟಿ, ನಮ್ಮ ತಂಡಕ್ಕೆ ಬಂದುಬಿಡಿ,” ಎಂದ, ಬಹಳ ಪ್ರೀತಿಯಿಂದ. “ಎಲ್ಲರ ಬ್ಯಾಗ್ ನೋಡ್ಕೊಂಡು ನೆರಳಲ್ಲಿ ಕೂತಿರಿ.”

ಬೈದಿದ್ದರೆ ಸಹಿಸುತ್ತಿದ್ದೆ. ಪ್ರೀತಿಯನ್ನು ಸಹಿಸಲಾಗಲಿಲ್ಲ.

ಹಾಡು ಎಲ್ಲರಿಗೂ ಒಂದೇ. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ತಂಡವೊಂದು ಕಟ್ಟಿದ ವಿರಹಗೀತೆ. ಅದರ ಪಲ್ಲವಿಯ ಸಾರ ಇಷ್ಟೇ: ಹೋಗುವುದಾದರೆ ಹೋಗು, ಹೋಗುವಾಗ ಬಾಗಿಲು ಹಾಕಿಕೊಂಡು ಹೋಗು. ಹುಡುಗರೆಲ್ಲ ಈ ಹಾಡಿಗೆ ತಾರಸಿ, ಸೂರ್ಯಾಸ್ತ, ನಿಧಾನಗತಿಯಲ್ಲಿ ಹಾರುವ ಕೂದಲು ಎಂದೆಲ್ಲ ಯೋಚಿಸಿದ್ದರು. ನನಗೆ ಮಾತ್ರ ಕೇಳಿದ ಕೂಡಲೇ ಹೊಳೆದುಬಿಟ್ಟಿತು. ಹೆಂಗಸು ಹೋಗುತ್ತಾಳೆ, ಬಾಗಿಲನ್ನು ಹಾಕುವುದಿಲ್ಲ, ಕಿತ್ತುಕೊಂಡೇ ಹೋಗುತ್ತಾಳೆ. ಬೆನ್ನ ಮೇಲೆ ಬಾಗಿಲು ಹೊತ್ತು ಊರೆಲ್ಲ ನಡೆಯುತ್ತಾಳೆ. ಹಿಂದೆ ಉಳಿದವನು ಗಾಳಿಗೆ, ಚಳಿಗೆ, ನೊಣಕ್ಕೆ ಈಡಾಗಿ ಕೂತಿರುತ್ತಾನೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರದು ಕನ್ನಡಕದ ಅಂಗಡಿ. ಲೋಕವನ್ನೆಲ್ಲ ಅಳತೆ ಹಾಕಿಯೇ ನೋಡುವವರು.

“ನಿರ್ದೇಶಕಿಗೆ ಮೊದಲು ಬೇಕಾದ್ದು ದೃಷ್ಟಿ ರೀ,” ಎಂದೆ.

“ಗೊತ್ತು. ನಿಂದು ಹತ್ತಿರದ್ದು ಒಂದೂವರೆ, ದೂರದ್ದು ಮುಕ್ಕಾಲು.”

ಇಂಥ ಮನೆಯಲ್ಲಿ ಕಲೆ ಬೆಳೆಯಬೇಕು.

ಸಂಶೋಧನೆ ಆರಂಭವಾಯಿತು. ಟಿವಿ ನನ್ನ ವಶವಾಯಿತು. ಹಾಡಿನ ಮೇಲೆ ಹಾಡು ನೋಡಿದೆ, ನಿಲ್ಲಿಸಿ ನೋಡಿದೆ, ಹಿಂದಕ್ಕೆ ತಿರುಗಿಸಿ ನೋಡಿದೆ. ಧಾರಾವಾಹಿ ಕಳೆದುಕೊಂಡ ನಮ್ಮ ಅತ್ತೆ ಸೋಫಾದ ತುದಿಯಲ್ಲಿ ಕೂತು ಎಲ್ಲವನ್ನೂ ನನ್ನೊಡನೆ ನೋಡಿದರು. “ಈ ಹುಡುಗಿ ಅಳೋದು ಬಿಟ್ಟು ಒಂದು ಫೋನ್ ಮಾಡಬಾರದಾ?” ಎಂಬುದು ಅವರ ಏಕೈಕ ವಿಮರ್ಶೆ. ಪ್ರೇಕ್ಷಕರ ಅಭಿಪ್ರಾಯ ಸಂಗ್ರಹಿಸಬೇಕೆಂದು ಬಸ್ ನಿಲ್ದಾಣಕ್ಕೆ ಹೋಗಿ, “ನಿಮಗೆ ಎಂಥ ವಿರಹ ಇಷ್ಟ?” ಎಂದು ಯುವಜನರನ್ನು ಕೇಳಿದೆ. ನಾನು ವಿಮೆ ಮಾರಲು ಬಂದಿದ್ದೇನೆ ಎಂದುಕೊಂಡು ಎಲ್ಲರೂ ಬಾರದ ಬಸ್ಸನ್ನು ಹತ್ತಲು ಓಡಿದರು. ದೃಶ್ಯಗಳನ್ನೆಲ್ಲ ಚೌಕಚೌಕವಾಗಿ ಬಿಡಿಸಿ ಗೋಡೆಗೆ ಅಂಟಿಸಿದೆ. ಗಂಡ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

“ಕರಡಿ ಯಾಕೆ ಫ್ರಿಜ್ ಹೊತ್ಕೊಂಡಿದೆ?”

“ಅದು ನಾಯಕಿ. ಅದು ಬಾಗಿಲು.”

“ಹಾಗಾದ್ರೆ ಕೆಳಗೆ ಹೆಸರು ಬರೆದುಬಿಡು.”

ಚಿತ್ರೀಕರಣದಲ್ಲಿ ಬರಬಹುದಾದ ಅಪಾಯಗಳನ್ನು ಮೊದಲೇ ಬರೆದುಕೊಡಿ ಎಂದು ಕಾಲೇಜಿನವರು ಕೇಳಿದ್ದರು. ಯೋಚಿಸಿ, “ಮನೆಯವರು” ಎಂದು ಬರೆದೆ.

ಒಪ್ಪಿಸುವ ದಿನದ ಹಿಂದಿನ ಭಾನುವಾರ ಒಂದು ಅನುಮಾನ ಹುಟ್ಟಿತು. ಒಬ್ಬ ಹೆಂಗಸು ನಿಜವಾಗಿ ಬಾಗಿಲು ಹೊತ್ತು ನಡೆಯಬಲ್ಲಳೇ? ಡ್ರೋನ್ ಇದನ್ನೇ ಕೇಳುತ್ತಾನೆ. ಕೇಳಿದಾಗ ಉತ್ತರ ಮಾತಿನಲ್ಲಿರಬಾರದು, ವಿಡಿಯೊದಲ್ಲಿರಬೇಕು. ಸರಿ, ಪರೀಕ್ಷೆ ಮಾಡಿಯೇಬಿಡೋಣ ಎಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಯಾವ ಬಾಗಿಲು? ಮುಂಬಾಗಿಲು ತೆಗೆದರೆ ಕಳ್ಳರಿಗೆ ಅನುಕೂಲ. ಮಲಗುವ ಕೋಣೆಯ ಬಾಗಿಲಿಗೆ ಬೀರು ಅಡ್ಡ. ಅಡುಗೆಮನೆಗೆ ಬಾಗಿಲೇ ಇಲ್ಲ. ಇದ್ದಿದ್ದರೆ ಯಾವತ್ತೋ ಹಾಕಿಕೊಂಡು ಒಳಗೆ ನೆಮ್ಮದಿಯಾಗಿ ಓದುತ್ತಿದ್ದೆ. ಉಳಿದದ್ದು ಬಾತ್‌ರೂಮಿನದು. ಗಂಡ ಅಂಗಡಿಯಲ್ಲಿದ್ದರು. ಅತ್ತೆ ಸ್ನಾನ ಮುಗಿಸಿದ್ದರು. ಒಂದು ಗಂಟೆಯ ಕೆಲಸ, ಯಾರಿಗೂ ತಿಳಿಯುವುದಿಲ್ಲ.

“ಬಾತ್‌ರೂಮ್ ಬಾಗಿಲು ಯಾಕೆ ಬಿಚ್ಚುತಿದೀಯ?” ಎಂದರು ಅತ್ತೆ.

“ಓದಿಗೆ.”

“ನಮ್ಮ ಕಾಲದಲ್ಲಿ ಪುಸ್ತಕ ಇರ್ತಿತ್ತು,” ಎಂದು ಅವರು ಟಿವಿ ಕಡೆ ತಿರುಗಿದರು.

ಹಳೆಯ ಹಾಸಿಗೆ ಹೊದಿಕೆಯೊಂದನ್ನು ಬಾಗಿಲಿಗೆ ಸುತ್ತಿ, ಚೀಲದ ಪಟ್ಟಿಗಳಂತೆ ಹೆಗಲಿಗೆ ಹಾಕಿಕೊಂಡು, ಎದೆಯ ಮೇಲೆ ಭದ್ರವಾಗಿ ಗಂಟು ಹಾಕಿದೆ. ಎದ್ದು ನಿಂತೆ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ರೋಮಾಂಚನವಾಯಿತು. ಮೆಟ್ಟಿಲ ಮೇಲೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರೆಕಾರ್ಡಿಂಗ್ ಒತ್ತಿ, ಮೂರನೇ ಮಹಡಿಯಿಂದ ನಡೆಯತೊಡಗಿದೆ. ಅಂದು ಲಿಫ್ಟ್ ಕೆಟ್ಟಿತ್ತು. ಕೆಟ್ಟಿರದಿದ್ದರೂ ನಾಯಕಿ ಲಿಫ್ಟಿನಲ್ಲಿ ಹೋಗುವವಳಲ್ಲ.

ಮೊದಲ ಸಾಲು ಮೆಟ್ಟಿಲು ಇಳಿದೆ. ಮೆಟ್ಟಿಲು ತಿರುಗುವ ಜಾಗದಲ್ಲಿ ನಾನು ತಿರುಗಿದೆ. ಬಾಗಿಲು ತಿರುಗಲಿಲ್ಲ.

ಅದರ ಮೇಲ್ತುದಿ ಮೇಲಿನ ಮೆಟ್ಟಿಲುಗಳ ಅಡಿಗೆ ತಗುಲಿಕೊಂಡಿತು. ಕೆಳಗಿನ ಮೂಲೆ ಕೈಹಿಡಿಯ ಕಂಬಿಗಳ ನಡುವೆ ಸಿಕ್ಕಿಕೊಂಡಿತು. ನಡುವೆ ನಾನು, ಗೋಡೆಗೆ ಮುಖ ಮಾಡಿ, ಚಿಪ್ಪು ಹೊತ್ತ ಆಮೆ. ಎಳೆದಷ್ಟೂ ಎದೆಯ ಗಂಟು ಬಿಗಿಯಿತು. ಬಾಗಿಲ ಪಕ್ಕದಲ್ಲಿ ಬೆಕ್ಕೊಂದು ನುಸುಳುವಷ್ಟು ಜಾಗವೂ ಉಳಿದಿರಲಿಲ್ಲ.

ಮೊದಲು ಬಂದವರು ಎರಡನೇ ಮಹಡಿಯಲ್ಲಿರುವ ನಮ್ಮ ಕಟ್ಟಡದ ಕಾರ್ಯದರ್ಶಿ.

“ಇದೇನಮ್ಮ ಇದು? ಮೆಟ್ಟಿಲು ಎಲ್ಲರಿಗೂ ಸೇರಿದ್ದು.”

“ನಾನೂ ಎಲ್ಲರಲ್ಲಿ ಒಬ್ಬಳೇ,” ಎಂದೆ, ಗೋಡೆಗೆ.

“ಗರಗಸ ತರ್ತೀನಿ. ಎರಡು ತುಂಡು ಮಾಡಿದ್ರೆ ಈಗಲೇ ಬಿಡುಗಡೆ.”

“ಬಾಗಿಲಿಗೆ ಗರಗಸ ಇಟ್ರೆ ನಾನು ಇಲ್ಲಿಂದ ಹೊರಡೋದೇ ಇಲ್ಲ. ಊಟ ಇಲ್ಲೇ, ನಿದ್ದೆ ಇಲ್ಲೇ. ಇದು ನನ್ನ ಪರೀಕ್ಷೆ, ಮುರಿಯೋದಕ್ಕೆ ಬಿಡಲ್ಲ.”

ಮುಖ ಕಾಣದವರೊಡನೆ ಜಗಳ ಆಡುವುದರಲ್ಲಿ ಒಂದು ಸುಖವಿದೆ. ನಮ್ಮ ವಾದ ಒಳ್ಳೆಯ ಲಯಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ ನನ್ನ ಗಂಡನ ದನಿ ಕೇಳಿತು. ಅಷ್ಟೊಂದು ನಯ ಅವರ ದನಿಯಲ್ಲಿ ನಮ್ಮ ಮದುವೆಯಾದ ಮೇಲೆ ನನ್ನ ಪಾಲಿಗೆ ಬಂದೇ ಇರಲಿಲ್ಲ.

“ಬನ್ನಿ ಬನ್ನಿ, ಲಿಫ್ಟ್ ಕೆಟ್ಟಿದೆ. ಮೂರೇ ಮಹಡಿ. ಬಸ್ಸಿನಲ್ಲಿ ಕೂತು ಸುಸ್ತಾಗಿರ್ತೀರ. ಮನೆ ನಿಮ್ಮದೇ ಅಂದ್ಕೊಳ್ಳಿ.”

ಈ ನಯ ಅವರು ಎತ್ತಿಡುವುದು ಬೀಗರಿಗಾಗಿ ಮಾತ್ರ. ದೂರದೂರಿನಿಂದ ಮರಳುತ್ತ ಮಗಳ ಅತ್ತೆ ಮಾವ ದಾರಿಯಲ್ಲಿ ನಮ್ಮನ್ನು ನೋಡಿಕೊಂಡು ಹೋಗಲು ಬಂದಿದ್ದರು. ಮಗಳು ಬೆಳಿಗ್ಗೆಯೇ ಸಂದೇಶ ಕಳಿಸಿದ್ದಳಂತೆ. ನಿರ್ದೇಶಕಿ ಸಂದೇಶ ನೋಡಿದ್ದರೆ ತಾನೆ! ಬೀಗ ಹಾಕಲು ಬಾಗಿಲಿಲ್ಲದ ಹೊತ್ತಿನಲ್ಲಿ ಬೀಗರು ಬಂದಿದ್ದರು.

ಮಗಳ ಅತ್ತೆಯವರ ಬಗ್ಗೆ ಒಂದು ಮಾತು. ಗಂಭೀರ ಹೆಂಗಸು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರೆದುರು ನಾನು ಯಾವಾಗಲೂ ಸೆರಗು ಸರಿಮಾಡಿಕೊಂಡು, ತೂಕದ ಮಾತಾಡಿ, ನಮ್ಮ ಮನೆತನದ ಘನತೆ ಕಾಯುತ್ತಾ ಬಂದವಳು.

ಗಂಡ ಮೂಲೆ ತಿರುಗಿದರು.

“ನಮಸ್ಕಾರ,” ಎಂದೆ. ಕೈ ಮುಗಿಯಲಾಗಲಿಲ್ಲ. ಒಂದು ಕೈ ಬಾಗಿಲ ಹಿಂದಿತ್ತು.

“ಏನ್ ಮಾಡ್ತಿದೀಯ ಇಲ್ಲಿ?” ಗಂಡನ ದನಿ ಪಿಸುಮಾತಾಗಿತ್ತು.

“ಯೋಜನೆ.”

“ಯಾರ ಮನೆ ಬಾಗಿಲು ಇದು? ತಾಳು. ಈ ಕೊಕ್ಕೆ… ಇದು ನನ್ನ ಟವೆಲಿನ ಕೊಕ್ಕೆ ಅಲ್ವಾ?”

ಆಗ ನಮ್ಮ ಬೀಗಿತ್ತಿ, ದಿನದ ಮೊದಲ ಮಾತು ಇರಬೇಕು, ಬಹಳ ಮೆಲ್ಲಗೆ ಕೇಳಿದರು: “ಬಾತ್‌ರೂಮ್ ಯಾವ ಕಡೆ ಬರುತ್ತೆ?”

ಉತ್ತರ ನನ್ನ ಬೆನ್ನ ಮೇಲಿತ್ತು.

“ಬಸ್ಸು ಎಲ್ಲೂ ನಿಲ್ಲಿಸಲಿಲ್ಲ,” ಎಂದು ಬೀಗರು ಸೀಲಿಂಗ್ ನೋಡುತ್ತ ವಿವರಿಸಿದರು.

ಗಂಡ ಒಂದು ಕಡೆ ಎಳೆದರೆ ಕಾರ್ಯದರ್ಶಿ ಇನ್ನೊಂದು ಕಡೆ ಎಳೆದರು. ಎತ್ತು ಏರಿಗೆ, ಕೋಣ ನೀರಿಗೆ. ಬಾಗಿಲು ಇನ್ನಷ್ಟು ಬಿಗಿಯಿತು. ಮತ್ತೆ ಗರಗಸದ ಮಾತು ಬಂತು. ನಾನು ಮತ್ತೆ ಬೇಡವೆಂದೆ. ಬೀಗಿತ್ತಿಯವರ ತಾಳ್ಮೆ ಅಲ್ಲಿಗೆ ಮುಗಿಯಿತು. ಕೈಚೀಲವನ್ನು ಕಾರ್ಯದರ್ಶಿಯ ಕೊರಳಿಗೆ ನೇತುಹಾಕಿದರು. ಸೀರೆ ಸಿಕ್ಕಿಸಿದರು.

“ಗಂಡಸರು ಕೆಳಗಿಳೀರಿ. ಮೂಲೆ ಕಂಬಿಗೆ ಸಿಕ್ಕಿದೆ, ಅಷ್ಟೂ ಕಾಣ್ಸಲ್ವಾ? ನೀವು ಬಗ್ಗಿ, ಬೀಗಿತ್ತಿಯವರೇ. ನಾನು ಭುಜ ಕೊಡ್ತೀನಿ. ಹೂಂ, ಈಗ.”

ನಾನು ಬಗ್ಗಿದೆ. ಅವರು ಎತ್ತಿದರು. ಕಂಬಿ ಕಿರ್ರೆಂದಿತು, ಬಾಗಿಲು ಬಿಟ್ಟುಕೊಂಡಿತು, ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಅತ್ತೆ ಮೇಲಿನ ಮಹಡಿಯಿಂದ ತಮ್ಮ ಮೊಬೈಲ್ ಹಿಡಿದು ಬಗ್ಗಿ ನೋಡುತ್ತಿದ್ದರು. ಯಾರನ್ನೋ ಸಹಾಯಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೆ.

ಬಾಗಿಲನ್ನು ಮೆರವಣಿಗೆಯಲ್ಲಿ ಮೇಲಕ್ಕೆ ತಂದೆವು. ಸ್ಕ್ರೂ ಹಾಕುವಷ್ಟು ವ್ಯವಧಾನ ಬೀಗಿತ್ತಿಯವರಿಗೆ ಇರಲಿಲ್ಲ. ನೇರವಾಗಿ ಒಳಗೆ ಹೋದರು. ನನ್ನ ಗಂಡ ಒಂದು ಪಕ್ಕ, ಅವರ ಗಂಡ ಒಂದು ಪಕ್ಕ, ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಬೆನ್ನು ತಿರುಗಿಸಿ ನಿಂತರು. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. ಸೂಜಿ ಅಲ್ಲದ ಸದ್ದು ಕೇಳಬಾರದೆಂದು ಗಂಡ ಗಟ್ಟಿಯಾಗಿ ಮಾತು ತೆಗೆದರು.

“ಹೊಸ ಕನ್ನಡಕ ಹೇಗಿದೆ ಬೀಗರೇ? ಹತ್ತಿರದ್ದೆಲ್ಲ ಸರಿಯಾಗಿ ಕಾಣುತ್ತಾ?”

“ಸದ್ಯಕ್ಕೆ ಏನೂ ಕಾಣದಿದ್ರೇ ಒಳ್ಳೇದು.”

ಅವರು ಊಟ ಮಾಡಿ ಹೊರಡುವಾಗ ಬೀಗಿತ್ತಿ ನನ್ನ ಕೈ ಹಿಡಿದು, “ಓದು ಬಿಡಬೇಡಿ,” ಎಂದರು. ಸಂತೋಷವಾಯಿತು. ಆ ರಾತ್ರಿ ಗಂಡ ಪ್ರಬಂಧದ ಮಾತೆತ್ತಿದಾಗ ಖಡಾಖಂಡಿತವಾಗಿ ಹೇಳಿದೆ: “ಬಾಗಿಲು ಮುರಿದಿಲ್ಲ, ನಾನೂ ಮುರಿದಿಲ್ಲ. ನಾಳೆ ಒಪ್ಪಿಸ್ತೀನಿ.”

ಮರುದಿನ ತರಗತಿಯ ಮುಂದೆ ನಿಂತು ನನ್ನ ಸಂಶೋಧನೆ, ನನ್ನ ಕರಡಿ, ನನ್ನ ಫ್ರಿಜ್ ಎಲ್ಲವನ್ನೂ ವಿವರಿಸಿದೆ. ಎಣಿಸಿದಂತೆಯೇ ಡ್ರೋನ್ ಕೈ ಎತ್ತಿದ. “ಆಂಟಿ, ಒಬ್ಬರು ಬಾಗಿಲು ಹೊತ್ಕೊಂಡು ನಡೆಯೋಕೆ ಆಗುತ್ತಾ?”

“ಆಗುತ್ತೆ. ನೋಡಿ,” ಎಂದು ನನ್ನ ಮೊಬೈಲನ್ನು ದೊಡ್ಡ ಪರದೆಗೆ ಜೋಡಿಸಿ, ನಾನೇ ಇನ್ನೂ ನೋಡಿರದ ಪರೀಕ್ಷೆಯ ವಿಡಿಯೊ ಹಾಕಿದೆ.

ಪರದೆಯ ಮೇಲೆ ನಮ್ಮ ಕಟ್ಟಡದ ಸೀಲಿಂಗ್ ಬಂತು. ನಾಯಕಿ ನಡೆಯತೊಡಗುವ ಮೊದಲೇ ಸ್ಟ್ಯಾಂಡು ಹಿಂದಕ್ಕೆ ವಾಲಿತ್ತು. ಸೀಲಿಂಗ್, ಒಂದು ಬಲ್ಬು, ಒಂದು ಜೇಡ. ಮುಂದಕ್ಕೆ ಓಡಿಸಿದೆ. ಜೇಡ ಸ್ವಲ್ಪ ಮುಂದಕ್ಕೆ ಹೋಗಿತ್ತು. ಡ್ರೋನ್ ಮಾತ್ರ ಮೆಚ್ಚುಗೆಯಿಂದ ತಲೆದೂಗಿದ. ಬೆವರುವ ಬೆರಳಿನಿಂದ ವಿಡಿಯೊ ಮುಚ್ಚಲು ಹೋದಾಗ, ಅದೇ ಗಳಿಗೆಗೆ ನಮ್ಮ ಕುಟುಂಬದ ಗುಂಪಿಗೆ ಬಂದ ಸಂದೇಶವನ್ನು ಒತ್ತಿಬಿಟ್ಟೆ. ಕಳಿಸಿದವರು ಅತ್ತೆ. ಮೇಲೊಂದು ಶೀರ್ಷಿಕೆ: “ನೆನ್ನೆ ನೋಡದವರಿಗೆ ಇನ್ನೊಂದ್ ಸಲ.”

ಇಡೀ ತರಗತಿ ನೋಡಿತು. ಗೋಡೆಯೊಡನೆ ವಾದಿಸುವ ನನ್ನನ್ನು, ಕೊಕ್ಕೆ ಗುರುತಿಸಿದ ಗಂಡನನ್ನು, ಕೊರಳಲ್ಲಿ ಕೈಚೀಲ ನೇತಾಡುವ ಕಾರ್ಯದರ್ಶಿಯನ್ನು, ಬಾಗಿಲಿಗೆ ಭುಜ ಕೊಟ್ಟ ಬೀಗಿತ್ತಿಯನ್ನು, ಕೊನೆಗೆ ಗೋಡೆ ನೋಡುತ್ತ ಬಾಗಿಲು ಹಿಡಿದು ನಿಂತ ಇಬ್ಬರು ಹಿರಿಯ ಗಂಡಸರನ್ನು. ನಾನು ನಿಂತಲ್ಲೇ ಭೂಮಿ ಬಾಯಿ ಬಿಡಲಿ ಎಂದು ಕಾದೆ. ಅದಕ್ಕೂ ಬಾಗಿಲು ಹಾಕಿತ್ತು.

ನಗು ಅಡಗಿದ ಮೇಲೆ ನಾನೇ ಮಾತಾಡಿದೆ. “ನೋಡಿದ್ರಲ್ಲ. ಆಗುತ್ತೆ. ಕಷ್ಟ ಇದೆ, ಆದ್ರೆ ಆಗುತ್ತೆ. ನಾನು ಪ್ರಬಂಧ ಬರೆಯಲ್ಲ ಮೇಡಂ.”

ಮೇಡಂ ಕಣ್ಣೊರೆಸಿಕೊಂಡರು. “ಬರೆಯಬೇಡಿ. ಇದೇ ನಿಮ್ಮ ವಿಡಿಯೊ. ಹೋಗ್ತೀನಿ ಅಂದವಳನ್ನ ಬಾಗಿಲೇ ಬಿಡ್ತಿಲ್ಲ. ಇದೇ ಜನ, ಇದೇ ಮೆಟ್ಟಿಲು ಇಟ್ಕೊಳ್ಳಿ. ಯೋಜನೆ ಒಪ್ಪಿಗೆ.” ಆಮೇಲೆ ಮುಂದಕ್ಕೆ ಬಾಗಿ ಕೇಳಿದರು: “ಅಂದ ಹಾಗೆ ಇದನ್ನ ತೆಗೆದಿದ್ದು ಯಾರು? ಎಲ್ಲಿ ನಿಂತು ನೋಡಬೇಕು ಅಂತ ಚೆನ್ನಾಗಿ ಗೊತ್ತಿದೆ.”

“ನಮ್ಮ ಅತ್ತೆ.”

“ಅವರು ಈ ಕಾಲೇಜಿಗೆ ಬರ್ತಾರಾ?”

“ಇಲ್ಲ.”

“ಛೆ,” ಎಂದರು ಮೇಡಂ. ಆ ‘ಛೆ’ಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ವಿಷಾದವಿತ್ತು. “ನಿಮ್ಮ ಕ್ಯಾಮೆರಾ ಅವರ ಕೈಗೇ ಕೊಡಿ.”

ಕ್ಯಾಮೆರಾವನ್ನು ಎದೆಗವಚಿಕೊಂಡು, ಗೆದ್ದ ಸೇನಾಪತಿಯಂತೆ ಮನೆಗೆ ಬಂದೆ. ಅತ್ತೆ ಸೋಫಾದ ಮೇಲೆ ಕೂತು ತಮ್ಮ ವಿಡಿಯೊವನ್ನೇ ಮತ್ತೆ ನೋಡುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, ಸ್ವಲ್ಪ ಕೊರಳು ಕೊಂಕಿಸಿ ಕೇಳಿದೆ:

“ಹಾಗಾದ್ರೆ ಅತ್ತೆ, ನಾಯಕಿ ಪಾತ್ರ ನಾನೇ ಮಾಡ್ತೀನಿ. ನನ್ನ ನಟನೆ ಹೇಗಿದೆ?”

ಅವರು ಕನ್ನಡಕ ಮೂಗಿಗಿಳಿಸಿ, ವಿಡಿಯೊವನ್ನು ನಿಲ್ಲಿಸಿ, ಹತ್ತಿರ ಹಿಡಿದು ನೋಡಿದರು.

“ನಿಂದು ಪರವಾಗಿಲ್ಲ,” ಎಂದರು. “ಬಾಗಿಲಿನದು ಚೆನ್ನಾಗಿದೆ.”